ಹುಣಸೂರಿಂದ ಲಂಡನ್‌ಗೆ ಎಷ್ಟು ಗಂಟೆ? ಟಿಕೆಟ್‌ನಲ್ಲಿ ಕಾಣದ ಲೆಕ್ಕ

ಹುಣಸೂರಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ತಂಗಿ ಜನವರಿಯಲ್ಲಿ ಓದೋಕೆ ಲಂಡನ್‌ಗೆ ಹೊರಟಿದ್ದಾಳೆ. ‘ಬೆಳಗ್ಗೆ ಏಳಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ ಹನ್ನೆರಡೂವರೆಗೆ ಲಂಡನ್ ಅಂತ ಟಿಕೆಟ್‌ನಲ್ಲಿದೆ. ಐದೂವರೆ ಗಂಟೆಗೇ ಹೋಗ್ಬಿಡುತ್ತಾ?’ ಅಂತ ಅವರ ಪ್ರಶ್ನೆ.

ಇಲ್ಲ, ಹನ್ನೊಂದು ಗಂಟೆ ಬೇಕು. ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಟೈಮು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ.

ದೂರ ಸುಮಾರು 8,000 ಕಿ.ಮೀ. ಇದು ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲ, ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದರೆ ಸಿಗೋ ದೂರ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಒಂಬತ್ತು ಗಂಟೆಗೆ ಮುಗೀಬೇಕು. ಆದರೆ ರನ್‌ವೇ ತಲುಪೋಕೆ, ಮೇಲೇರೋಕೆ, ಇಳಿಯೋಕೆ ಸಮಯ ಹೋಗುತ್ತೆ. ಜೊತೆಗೆ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ. ಹೋಗುವಾಗ ಅದು ಎದುರು ಗಾಳಿ. ಬರುವಾಗ ಬೆನ್ನಿಗೆ ಸಿಗೋದರಿಂದ ಸುಮಾರು ಒಂದು ಗಂಟೆ ಉಳಿಯುತ್ತೆ. ದೇಶಗಳ ಜಗಳವೂ ಲೆಕ್ಕ ಕೆಡಿಸುತ್ತೆ. 2022ರಲ್ಲಿ ರಷ್ಯಾ ತನ್ನ ಆಕಾಶ ಮುಚ್ಚಿದ ಮೇಲೆ, ಒಂಬತ್ತೂವರೆ ಗಂಟೆಯಿದ್ದ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಹದಿಮೂರರ ಹತ್ತಿರ ಹೋಯ್ತು.

ಇದೆಲ್ಲ ಪೈಲಟ್ ನೋಡ್ಕೋತಾರೆ ಬಿಡಿ. ನಾವು ನೋಡ್ಬೇಕಾದ್ದು ಹುಣಸೂರಿಂದ ದೇವನಹಳ್ಳಿವರೆಗಿನ ಸುಮಾರು 225 ಕಿ.ಮೀ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ಹತ್ತಿರವೇ ಇದ್ದರೂ ಅದರ ರನ್‌ವೇ 1,740 ಮೀಟರ್ ಅಷ್ಟೆ, ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಮೈಸೂರು–ಬೆಂಗಳೂರು ಬೇಗ ಮುಗಿಯುತ್ತೆ, ನಿಜ. ಕೆಂಗೇರಿ ದಾಟಿದ ಮೇಲೆ ಊರಿಡೀ ಹಾಯ್ದು ಇನ್ನೊಂದು ತುದಿಗೆ ಹೋಗ್ಬೇಕಲ್ಲ! ಐದು ಗಂಟೆ ಇಟ್ಕೊಳ್ಳಿ. ಏರ್‌ಪೋರ್ಟ್‌ನಲ್ಲಿ ಮೂರು, ವಿಮಾನದಲ್ಲಿ ಹನ್ನೊಂದು, ಹೀತ್ರೂದಲ್ಲಿ ಇಮಿಗ್ರೇಷನ್, ಲಗೇಜು, ರೈಲು ಅಂತ ಎರಡು. ಒಟ್ಟು 21 ಗಂಟೆ, ಅದರಲ್ಲಿ ಆಕಾಶದಲ್ಲಿ ಇರೋದು ಹೆಚ್ಚುಕಮ್ಮಿ ಅರ್ಧ.

ಅಲ್ಲಿನವರಿಗೂ ಈ ಲೆಕ್ಕ ಗೊತ್ತು. ಲಂಡನ್–ಪ್ಯಾರಿಸ್ ಸುಮಾರು 345 ಕಿ.ಮೀ., ವಿಮಾನಕ್ಕೆ ಒಂದೂಕಾಲು ಗಂಟೆ ಸಾಕು. ಆದರೂ ಎಷ್ಟೋ ಜನ ಎರಡೂಕಾಲು ಗಂಟೆ ಹಿಡಿಯೋ ಯೂರೋಸ್ಟಾರ್ ರೈಲನ್ನೇ ಹತ್ತುತ್ತಾರೆ, ಅದು ಊರ ಮಧ್ಯದಿಂದ ಊರ ಮಧ್ಯಕ್ಕೇ ಹೋಗುತ್ತೆ.

ತಂಗಿದು ಏಳು ಗಂಟೆ ವಿಮಾನ ಅಂದ್ರೆ ಹಿಂದಿನ ರಾತ್ರಿ ಹತ್ತೂವರೆಗೆ ಕಾರು ಹುಣಸೂರು ಬಿಡಲಿ. ಮಧ್ಯರಾತ್ರಿ ವಿಮಾನವಾದ್ರೆ ಇನ್ನೂ ಹುಷಾರಾಗಿರಿ. ‘15ನೇ ತಾರೀಕು 00:40’ ಅಂತಿದ್ರೆ 14ರ ಮಧ್ಯಾಹ್ನ ಮೂರಕ್ಕೇ ಮನೆ ಬಿಡ್ಬೇಕು, ಸಂಜೆ ಬೆಂಗಳೂರಿನ ಟ್ರಾಫಿಕ್ ಬೇರೆ ಇರುತ್ತೆ. 15ರ ರಾತ್ರಿ ಅಂದ್ಕೊಂಡು ಬ್ಯಾಗ್ ಕಟ್ಟಿದ್ರೆ ವಿಮಾನ ಲಂಡನ್ನಲ್ಲಿ ಇಳಿದು ಎಷ್ಟೋ ಹೊತ್ತಾಗಿರುತ್ತೆ. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತೆ.