ಗೊತ್ತಿದ್ದೂ ಬಾಯಿ ಬಿಡದವರು

ಜಪಾನಿನ ವಿಶ್ವವಿದ್ಯಾಲಯಕ್ಕೆ ಬರುವ ಹೊತ್ತಿಗೆ ವಿದ್ಯಾರ್ಥಿಗಳು ಕನಿಷ್ಠ 6 ವರ್ಷ ಇಂಗ್ಲಿಷ್ ಓದಿರುತ್ತಾರೆ. ವ್ಯಾಕರಣ ಗೊತ್ತು, ಪ್ರವೇಶ ಪರೀಕ್ಷೆಯನ್ನೂ ದಾಟಿದ್ದಾರೆ. ಆದರೂ ತರಗತಿಯಲ್ಲಿ ಪ್ರಶ್ನೆ ಬಿದ್ದೊಡನೆ ತಲೆಗಳು ಪುಸ್ತಕದತ್ತ ಬಾಗುತ್ತವೆ. ಜಿಮ್ ಕಿಂಗ್ ಎಂಬ ಸಂಶೋಧಕರು ಅಲ್ಲಿನ 9 ವಿಶ್ವವಿದ್ಯಾಲಯಗಳಲ್ಲಿ 48 ಗಂಟೆಗಳ ಇಂಗ್ಲಿಷ್ ಪಾಠವನ್ನು ಕೂತು ಗಮನಿಸಿದರು. ವಿದ್ಯಾರ್ಥಿಗಳು ತಾವಾಗಿಯೇ ಆರಂಭಿಸಿದ ಮಾತು ಶೇ. 1ನ್ನೂ ಮುಟ್ಟಲಿಲ್ಲ.

ಇದು ದಡ್ಡತನವಲ್ಲ, ಅಳುಕು. ಅಮೆರಿಕದ ಎಲೇನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಈ ಅಳುಕನ್ನು ಅಳೆಯಲೆಂದೇ 33 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಬೇರೆ ವಿಷಯದಲ್ಲಿ ತಪ್ಪಿದರೆ ಉತ್ತರವಷ್ಟೇ ತಪ್ಪು; ಪರಭಾಷೆಯಲ್ಲಿ ತಡವರಿಸಿದರೆ ಮನುಷ್ಯನೇ ಪೆದ್ದನಂತೆ ಕಾಣುತ್ತಾನೆ. ಕನ್ನಡ ಮಾಧ್ಯಮದಿಂದ ಬಂದು ಪದವಿ ತರಗತಿಯ ಕೊನೆಯ ಬೆಂಚು ಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೆನಡಾದ ಪೀಟರ್ ಮ್ಯಾಕಿಂಟೈರ್ ಮತ್ತು ಜೊತೆಗಾರರು 1998ರಲ್ಲಿ ಪರಭಾಷೆಯಲ್ಲಿ ಮಾತಾಡುವ ಮನಸ್ಸನ್ನು 6 ಪದರಗಳ ಪಿರಮಿಡ್ಡಿನಂತೆ ಚಿತ್ರಿಸಿದರು. ಸ್ವಭಾವ, ಸಮಾಜದಂಥ ಬೇಗ ಬದಲಾಗದ ಸಂಗತಿಗಳು ತಳದಲ್ಲಿವೆ. ತುದಿಯ ಹತ್ತಿರ ಇರುವುದು ಎರಡು: ಇಂಥವರೊಡನೆ ಮಾತಾಡಬೇಕೆಂಬ ಆಸೆ, ಆ ಗಳಿಗೆಯ ಧೈರ್ಯ. ಅಧ್ಯಾಪಕರ ಕೈಗೆ ಎಟುಕುವುದೂ ಇವೇ. ತಳವನ್ನು ಯಾವ ಮೇಷ್ಟ್ರೂ ಒಂದು ಸೆಮಿಸ್ಟರಿನಲ್ಲಿ ಅಲುಗಿಸಲಾರರು.

ಧೈರ್ಯಕ್ಕೆ ಮೊದಲು ಬೇಕಾದದ್ದು ಸಮಯ. ಅಮೆರಿಕದ ಶಾಲೆಗಳ ವಿಜ್ಞಾನ ಪಾಠಗಳನ್ನು ಅಧ್ಯಯನ ಮಾಡಿದ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸುವವರೂ ಹೆಚ್ಚಿದರು. ಪರಭಾಷೆಯಲ್ಲಿ ಪದ ಹುಡುಕಿ, ವಾಕ್ಯ ಕಟ್ಟಿ, ಉಚ್ಚಾರಣೆ ನೆನೆಯಬೇಕಾದವರಿಗೆ ಅದೂ ಸಾಲದು. ಅದಕ್ಕೇ ಮೊದಲು ಪಕ್ಕದವರೊಡನೆ ಮಾತಾಡಿಸಿ, ಆಮೇಲೆ ತರಗತಿಯೆದುರು ಕೇಳುವ ಕ್ರಮ ಚೆನ್ನಾಗಿ ನಡೆಯುತ್ತದೆ. ಎದ್ದು ನಿಂತವರು ಹೇಳುವುದು ಆಗ ಇಬ್ಬರ ಉತ್ತರ. ತಪ್ಪಾದರೂ ನಾಚಿಕೆ ಅರ್ಧವೇ. ಮಾತಿನ ನಡುವೆ ತಡೆದು ತಿದ್ದುವ ಬದಲು, ಸರಿಯಾದ ರೂಪವನ್ನು ಅಧ್ಯಾಪಕರು ಸಹಜವಾಗಿ ಮರುನುಡಿದರೆ ಸಂಭಾಷಣೆ ಮುರಿಯುವುದಿಲ್ಲ. ಮಾತಿಗೆ ಅಂಕ ಇಡುವುದು ಮಾತ್ರ ಎರಡಲಗಿನ ಕತ್ತಿ: ಮಾತುಗಾರರು ಇನ್ನಷ್ಟು ಮಾತಾಡುತ್ತಾರೆ, ಅಂಜುವವರಿಗೆ ಇನ್ನೊಂದು ಪರೀಕ್ಷೆ ಸೇರುತ್ತದೆ.

ಇನ್ನು ಆಸೆಯ ಮಾತು. ಜಪಾನಿನ ತೊಮೊಕೊ ಯಾಶಿಮಾ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಜಗತ್ತಿನ ಬಗ್ಗೆ ಕುತೂಹಲವಿದ್ದ, ವಿದೇಶಿಯರೊಡನೆ ಬೆರೆಯುವ ಮನಸ್ಸಿದ್ದ ವಿದ್ಯಾರ್ಥಿಗಳಲ್ಲಿ ಮಾತಿನ ಒಲವೂ ಹೆಚ್ಚಿತ್ತು. ಪಠ್ಯದ ಕಾಲ್ಪನಿಕ ಸಂಭಾಷಣೆಗಿಂತ, ಬೇರೆ ದೇಶದ ಸಹಪಾಠಿಗೆ ನಿಲ್ದಾಣದ ದಾರಿ ಹೇಳುವ ನಿಜವಾದ ಅಗತ್ಯ ನಾಲಿಗೆಯನ್ನು ಬೇಗ ಸಡಿಲಿಸುತ್ತದೆ.