ಎಣಿಸಿ ಬಿಚ್ಚಿ, ಎಣಿಸಿ ಜೋಡಿಸಿ: ಕಾರಿನ ಸ್ಟಿಯರಿಂಗ್ ರ‍್ಯಾಕ್ ಕಲಿಸಿದ ಪಾಠ



ನಮ್ಮ ಹಳೆಯ ಕಾರು ನಿಲ್ಲುವ ಜಾಗದಲ್ಲಿ ದಿನಾ ಬೆಳಿಗ್ಗೆ ಒಂದು ಕೆಂಪು ಕಲೆ ಕಾಣತೊಡಗಿತು. ವೀಳ್ಯ ಉಗುಳಿದ್ದಾರೆ ಅಂತ ಮೊದಲು ಸಂಶಯ ಬಂದದ್ದು ಅಜ್ಜನ ಮೇಲೆ! ಮುಟ್ಟಿ ನೋಡಿದರೆ ಎಣ್ಣೆ. ಸ್ಟಿಯರಿಂಗ್ ತಿರುಗಿಸುವಾಗ ಗುಂಯ್ ಅಂತ ಶಬ್ದ ಬೇರೆ. ಗಲ್ಫಿನಲ್ಲಿ ಹಲವು ವರ್ಷ ಮೆಕ್ಯಾನಿಕ್ ಆಗಿದ್ದ ನನ್ನ ಭಾವ ಬಗ್ಗಿ ನೋಡಿ ಹೇಳಿದ: "ರ‍್ಯಾಕ್ ಹೋಗಿದೆ. ಭಾನುವಾರ ಇಲ್ಲೇ ಬದಲಿಸೋಣ."

ರ‍್ಯಾಕ್ ಅಂದರೆ ಏನು?

ಸ್ಟಿಯರಿಂಗ್ ಚಕ್ರವನ್ನು ನಾವು ಸುತ್ತುತ್ತೇವೆ. ಆದರೆ ಮುಂದಿನ ಚಕ್ರಗಳನ್ನು ತಿರುಗಿಸಲು ಬೇಕಾದದ್ದು ಎಡಕ್ಕೆ-ಬಲಕ್ಕೆ ಎಳೆಯುವ, ತಳ್ಳುವ ನೇರ ಚಲನೆ. ಈ ಬದಲಾವಣೆ ಮಾಡುವುದೇ ರ‍್ಯಾಕ್. ಸ್ಟಿಯರಿಂಗ್ ದಂಡದ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ ಇರುತ್ತದೆ. ಅದು ಹಲ್ಲುಗಳಿರುವ ಉದ್ದದ ಉಕ್ಕಿನ ಸರಳಿನ ಮೇಲೆ ಕೂತಿರುತ್ತದೆ. ಪಿನಿಯನ್ ತಿರುಗಿದರೆ ಸರಳು ಪಕ್ಕಕ್ಕೆ ಸರಿಯುತ್ತದೆ. ಸರಳಿನ ಎರಡೂ ತುದಿಗಳಲ್ಲಿರುವ ಟೈ ರಾಡ್‌ಗಳು ಚಕ್ರಗಳನ್ನು ಎಳೆಯುತ್ತವೆ, ತಳ್ಳುತ್ತವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಸ್ಟಿಯರಿಂಗ್ ಚಕ್ರದ ವ್ಯಾಸ 38 ಸೆಂ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿಗೆ ಕೈ ಸುಮಾರು 119 ಸೆಂ.ಮೀ. ಚಲಿಸುತ್ತದೆ. ಅಷ್ಟರಲ್ಲಿ ಸರಳು ಸರಿಯುವುದು 5 ಸೆಂ.ಮೀ. ಎಂದಿಟ್ಟುಕೊಳ್ಳಿ. 119ನ್ನು 5ರಿಂದ ಭಾಗಿಸಿದರೆ ಸುಮಾರು 24. ಘರ್ಷಣೆಯನ್ನು ಬಿಟ್ಟರೆ ನಮ್ಮ ಬಲ 24 ಪಟ್ಟು ಆಗುತ್ತದೆ! ದೂರದಲ್ಲಿ ಕಳಕೊಂಡದ್ದನ್ನು ಬಲದಲ್ಲಿ ಪಡೆದೆವು, ಸನ್ನೆಕೋಲಿನ ಹಾಗೆಯೇ.

ಎಣ್ಣೆ ಯಾಕೆ?

ನಿಂತ ಕಾರಿನ ಚಕ್ರ ತಿರುಗಿಸಲು ಅದೂ ಸಾಲದು. ಆಗ ಸಹಾಯಕ್ಕೆ ಬರುವುದು ಪಾಸ್ಕಲ್ ನಿಯಮ. ಎಂಜಿನ್ನಿನಿಂದ ಓಡುವ ಒಂದು ಪಂಪು ಎಣ್ಣೆಯನ್ನು ಒತ್ತಡದಲ್ಲಿ ಕಳಿಸುತ್ತದೆ. ಸರಳಿನ ಮೇಲೆ ಒಂದು ಪಿಸ್ಟನ್ ಇದೆ. ನೀವು ಬಲಕ್ಕೆ ತಿರುಗಿಸಿದಾಗ ಒಳಗಿನ ತೆಳು ಉಕ್ಕಿನ ಕಡ್ಡಿಯೊಂದು ಸ್ವಲ್ಪ ತಿರುಚಿಕೊಂಡು ವಾಲ್ವ್ ತೆರೆಯುತ್ತದೆ, ಎಣ್ಣೆ ಪಿಸ್ಟನ್ನಿನ ಸರಿಯಾದ ಬದಿಗೆ ನುಗ್ಗುತ್ತದೆ. ಒತ್ತಡ ಚದರ ಸೆಂ.ಮೀ.ಗೆ 500 ನ್ಯೂಟನ್, ಪಿಸ್ಟನ್ನಿನ ವಿಸ್ತೀರ್ಣ 8 ಚದರ ಸೆಂ.ಮೀ. ಆದರೆ ಬಲ ಎಷ್ಟು? 4000 ನ್ಯೂಟನ್. ಅಂದರೆ ಸುಮಾರು 400 ಕಿಲೋದ ಭಾರದಷ್ಟು!

ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಎಂಜಿನಿಯರ್ 1926ರಲ್ಲೇ ಇಂಥ ಪವರ್ ಸ್ಟಿಯರಿಂಗನ್ನು ಕಾರಿಗೆ ಅಳವಡಿಸಿ ತೋರಿಸಿದ್ದ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟಾರು ಈ ಕೆಲಸ ಮಾಡುತ್ತದೆ.

ನಮ್ಮ ಕಾರಿನಲ್ಲಿ ಸವೆದದ್ದು ಎಣ್ಣೆ ತಡೆಯುವ ಸೀಲುಗಳು. ಎಂಜಿನ್ ನಿಂತರೂ ಸ್ಟಿಯರಿಂಗ್ ಕೆಲಸ ಮಾಡುತ್ತದೆ, ಯಾಕೆಂದರೆ ಹಲ್ಲುಗಳ ಜೋಡಣೆ ಹಾಗೆಯೇ ಇರುತ್ತದೆ. ಆದರೆ ತುಂಬಾ ಬಿಗಿ. ತಿರುವಿನಲ್ಲಿ ಅದು ತಟ್ಟನೆ ಬಿಗಿಯಾದರೆ ಅಪಾಯ ತಾನೇ?

ಅಂಗಳದ ಕೆಲಸ

ಮೊದಲು ಸಿಮೆಂಟು ನೆಲ, ಹ್ಯಾಂಡ್‌ಬ್ರೇಕು, ಹಿಂದಿನ ಚಕ್ರಗಳಿಗೆ ಕಲ್ಲು. ಜಾಕ್‌ನಿಂದ ಎತ್ತಿದ ಮೇಲೆ ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಕಾರಿನಡಿಗೆ ನುಗ್ಗಿದವರು ಜೀವ ಕಳಕೊಂಡದ್ದುಂಟು. ಇದು ದೊಡ್ಡವರ ಕೆಲಸ, ನೀವು ದೂರ ನಿಂತು ನೋಡಿ.

ಬ್ಯಾಟರಿಯ ತಂತಿ ಬಿಚ್ಚಿದೆವು. ಸ್ಟಿಯರಿಂಗ್ ಚಕ್ರವನ್ನು ನೇರ ಇಟ್ಟು ಬೆಲ್ಟಿನಿಂದ ಕಟ್ಟಿದೆವು. ಅದರ ಹಿಂದೆ ಏರ್‌ಬ್ಯಾಗಿಗೆ ಕರೆಂಟು ಒಯ್ಯುವ ರಿಬ್ಬನ್ನಿನಂಥ ಸುರುಳಿ ಇದೆ. ಚಕ್ರ ಸುಮ್ಮನೆ ಸುತ್ತಿದರೆ ಅದು ಹರಿದುಹೋಗುತ್ತದೆ. ದಂಡ ಮತ್ತು ಪಿನಿಯನ್ ಸೇರುವ ಕಡೆ ಬಿಳಿ ಪೇಂಟಿನ ಗೆರೆ ಎಳೆದೆವು. ಟೈ ರಾಡ್‌ಗಳ ತುದಿ, ಎಣ್ಣೆಯ ಪೈಪು, ಬೋಲ್ಟು ಎಲ್ಲ ಬಿಚ್ಚಿ ರ‍್ಯಾಕನ್ನು ಪಕ್ಕಕ್ಕೆಳೆದು ತೆಗೆದೆವು.

ನಾನು ಮಾಡಿದ ತಪ್ಪು

ಟೈ ರಾಡ್‌ನ ತುದಿ ತಿರುಪಿನಂತೆ ಬಿಚ್ಚುತ್ತದೆ. ಎಷ್ಟು ಸುತ್ತಿಗೆ ಕಳಚಿತೋ ಅಷ್ಟೇ ಸುತ್ತು ಹೊಸದಕ್ಕೆ ಹಾಕಬೇಕು. ಎಡಗಡೆ ಭಾವ ಎಣಿಸಿದ: 19. ಬಲಗಡೆ ನನ್ನ ಸರದಿ. ನಡುವೆ ಫೋನು ಬಂತು, ಲೆಕ್ಕ ತಪ್ಪಿತು. ಎಡಗಡೆ 19 ಇದ್ದರೆ ಬಲಗಡೆಯೂ ಅಷ್ಟೇ ಇರಬೇಕಲ್ಲ ಅಂತ ಪುಸ್ತಕದಲ್ಲಿ 19 ಬರೆದುಬಿಟ್ಟೆ.

ಹೊಸ ರ‍್ಯಾಕನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ, ಅದರ ಅರ್ಧ ಸುತ್ತು ಹಿಂದೆ ಬಂದು ನಡುವಿಗೆ ತಂದು ಜೋಡಿಸಿದೆವು. ಹೊಸ ವಾಷರು, ಹೊಸ ಸ್ಪ್ಲಿಟ್ ಪಿನ್ನು. ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿತ. ಎಣ್ಣೆ ತುಂಬಿ, ಎಂಜಿನ್ ಚಾಲು ಮಾಡದೆ ಸ್ಟಿಯರಿಂಗನ್ನು ನಿಧಾನ ಎಡಕ್ಕೆ-ಬಲಕ್ಕೆ ತಿರುಗಿಸುತ್ತ ಗಾಳಿಯ ಗುಳ್ಳೆಗಳನ್ನು ಹೊರಹಾಕಿದೆವು.

ನಿಧಾನವಾಗಿ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಹೊರಟೆವು. ಕಾರು ನೇರ ಹೋಗುತ್ತಿದೆ, ಸ್ಟಿಯರಿಂಗ್ ಮಾತ್ರ ಸೊಟ್ಟ! ಅಳೆದಾಗ ಗೊತ್ತಾಯಿತು, ಬಲಗಡೆ ಎರಡು ಸುತ್ತು ಹೆಚ್ಚು.

ಎರಡು ಸುತ್ತು ಅಂದರೆ ಏನು ಮಹಾ? ಒಂದು ಸುತ್ತಿಗೆ 1.5 ಮಿ.ಮೀ., ಎರಡಕ್ಕೆ 3 ಮಿ.ಮೀ. ಚಕ್ರವನ್ನು ತಿರುಗಿಸುವ ತೋಳು 120 ಮಿ.ಮೀ. ಇದ್ದರೆ ಚಕ್ರ ಸುಮಾರು 1.4 ಡಿಗ್ರಿ ಓರೆಯಾಗುತ್ತದೆ. ಎರಡು ಚಕ್ರಗಳನ್ನು ಅವುಗಳ ಪಾಡಿಗೆ ಬಿಟ್ಟರೆ 1 ಕಿ.ಮೀ.ಗೆ ಅವುಗಳ ದಾರಿ ಸುಮಾರು 25 ಮೀಟರ್ ಬೇರೆಯಾಗುತ್ತದೆ. ಕಾರು ಅವನ್ನು ಬಿಡುವುದಿಲ್ಲ. ಹಾಗಾಗಿ ಟಯರು ರಸ್ತೆಗೆ ಉಜ್ಜಿಕೊಳ್ಳುತ್ತಲೇ ಓಡಿ ಬೇಗ ಸವೆಯುತ್ತದೆ, ಮಳೆಯಲ್ಲಿ ಹಿಡಿತ ತಪ್ಪುತ್ತದೆ.

ಅಂಗಡಿಯಲ್ಲಿ ಸರಿಮಾಡಿಸಿದೆವು. ಆದರೆ ನನಗೆ ನಾಚಿಕೆಯಾಯಿತು. ಪ್ರಯೋಗಾಲಯದಲ್ಲಿ "ಕಂಡದ್ದನ್ನು ಬರೆಯಿರಿ, ಬರಬೇಕಾದ್ದನ್ನಲ್ಲ" ಅಂತ ನಿಮಗೆ ಹೇಳುವ ನಾನೇ, ಎಣಿಸದೆ 19 ಬರೆದಿದ್ದೆ. ಪಕ್ಕದವನ ಪುಸ್ತಕ ನೋಡಿ ಉತ್ತರ ಬರೆದ ಹಾಗೆ!

ಮಾಡಿ ನೋಡಿ

ಸೂಜಿಯಿಲ್ಲದ 5 ಮಿ.ಲೀ. ಮತ್ತು 20 ಮಿ.ಲೀ. ಸಿರಿಂಜುಗಳಿಗೆ ನೀರು ತುಂಬಿ ತೆಳು ಪೈಪಿನಿಂದ ಜೋಡಿಸಿ. ಒಂದನ್ನು ನೀವು ಒತ್ತಿ, ಇನ್ನೊಂದನ್ನು ಗೆಳೆಯ ಒತ್ತಲಿ. ಗೆಲ್ಲುವುದು ಯಾವುದು? ಪ್ರತಿಯೊಂದು ಎಷ್ಟು ಸರಿಯಿತು? ಸ್ಕೇಲಿನಲ್ಲಿ ಅಳೆದು, ಕಂಡದ್ದನ್ನೇ ಬರೆಯಿರಿ.