ಉಚಿತವೂ ಮುಕ್ತವೂ: ಕನ್ನಡ ತಂತ್ರಾಂಶಗಳ ಪರವಾನಗಿ ವಿವಾದ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ದಾನಶಾಸನಗಳೂ ಸೇರಿವೆ. ದಾನಶಾಸನದ ರಚನೆ ಪರಿಚಿತವಾದುದು: ದಾನಿಯ ಹೆಸರು, ದತ್ತಿಯ ವಿವರ, ಭೂಮಿಯ ಎಲ್ಲೆ, ಪಡೆದವರ ಹಕ್ಕು, ಕೊನೆಯಲ್ಲಿ ದತ್ತಿಯನ್ನು ಅಪಹರಿಸುವವರಿಗೆ ಶಾಪಾಶಯ. ದಾನಿಯು ಪುಣ್ಯಕ್ಕಾಗಿ ಕೊಟ್ಟನೋ ಕೀರ್ತಿಗಾಗಿ ಕೊಟ್ಟನೋ ಎಂಬುದನ್ನು ಇಂದು ಅರಿಯಲಾಗದು. ಕಲ್ಲಿನಲ್ಲಿ ಬರೆದಿಟ್ಟ ಷರತ್ತನ್ನು ಮಾತ್ರ ಓದಬಹುದು. ಕನ್ನಡ ತಂತ್ರಾಂಶಗಳ ಸುತ್ತ ಎದ್ದ ವಿವಾದಗಳನ್ನು ಪರಿಶೀಲಿಸುವಾಗಲೂ ಉದ್ದೇಶ ಮತ್ತು ಷರತ್ತುಗಳ ನಡುವಿನ ಈ ಅಂತರವನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯಕ.

1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯು ಇಂದಿನ ರೂಪದಲ್ಲಿ ಗಣಕ ತಂತ್ರಾಂಶವನ್ನೂ 'ಸಾಹಿತ್ಯ ಕೃತಿ'ಯ ವ್ಯಾಪ್ತಿಗೆ ಸೇರಿಸುತ್ತದೆ. ಕರ್ತೃವಿನ ಅನುಮತಿಯಿಲ್ಲದೆ ಅದನ್ನು ನಕಲು ಮಾಡುವಂತಿಲ್ಲ, ಮಾರ್ಪಡಿಸುವಂತಿಲ್ಲ. ಆ ಅನುಮತಿಯ ಲಿಖಿತ ರೂಪವೇ ಪರವಾನಗಿ. ಹಣ ಪಡೆಯದೆ ಕೊಟ್ಟದ್ದು 'ಉಚಿತ' ತಂತ್ರಾಂಶ. ಬಳಸುವ, ಆಕರ ಸಂಕೇತವನ್ನು ಓದುವ, ತಿದ್ದುವ, ಹಂಚುವ ಹಕ್ಕುಗಳನ್ನು ಬರವಣಿಗೆಯಲ್ಲಿ ಕೊಟ್ಟದ್ದು 'ಮುಕ್ತ' ತಂತ್ರಾಂಶ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಪರವಾನಗಿಯು ಇನ್ನೊಂದು ಷರತ್ತನ್ನು ಸೇರಿಸಿತು: ತಿದ್ದಿದ ರೂಪವನ್ನು ಹಂಚುವವನು ಅದೇ ಹಕ್ಕುಗಳನ್ನು ಮುಂದಿನವರಿಗೂ ಕೊಡಬೇಕು. ದತ್ತಿಯನ್ನು ಅಪಹರಣದಿಂದ ಕಾಯುವ ಈ ಷರತ್ತು ಶಾಪಾಶಯಕ್ಕೆ ಸಮೀಪವಾದುದು. ಶಾಸನವು ಪಾಪಭೀತಿಯನ್ನು ನೆಚ್ಚಿದರೆ ಪರವಾನಗಿಯು ನ್ಯಾಯಾಲಯವನ್ನು ನೆಚ್ಚುತ್ತದೆ.

ಕನ್ನಡದಲ್ಲಿ ಉಚಿತ ಮತ್ತು ಮುಕ್ತಗಳು ಬಹುಕಾಲ ಬೆರೆತೇ ಹೋದವು. ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ 'ಬರಹ' ಉಚಿತವಾಗಿ ದೊರೆತು ಅಸಂಖ್ಯ ಕನ್ನಡಿಗರನ್ನು ಗಣಕದಲ್ಲಿ ಬರೆಯುವಂತೆ ಮಾಡಿತು. ಅದರ ಆಕರ ಸಂಕೇತ ಮುಕ್ತವಾಗಿರಲಿಲ್ಲ. ನಂತರದ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ರಾಜ್ಯ ಸರ್ಕಾರದ ಬೆಂಬಲದಿಂದ ಉಚಿತವಾಗಿ ಹಂಚಿಕೆಯಾಗಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. 'ನುಡಿ'ಯು 'ಬರಹ'ದ ಅಂಶಗಳನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂಬ ಆರೋಪ 2000ರ ದಶಕದಲ್ಲಿ ಕೇಳಿಬಂದಿತು. ಪರಿಷತ್ತು ಅದನ್ನು ಒಪ್ಪಲಿಲ್ಲ. ಸರ್ಕಾರದ ತಂತ್ರಾಂಶ ನೀತಿಯನ್ನು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಪೂರ್ಣಚಂದ್ರ ತೇಜಸ್ವಿ ಪ್ರಮುಖರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆಯೂ ಅವರ ಒತ್ತಾಸೆಯಿತ್ತು.

ಈ ವಾಗ್ವಾದದಲ್ಲಿ ಚರ್ಚೆ ಹೆಚ್ಚಾಗಿ ವ್ಯಕ್ತಿಗಳ ಮತ್ತು ಸಂಸ್ಥೆಗಳ ಉದ್ದೇಶದ ಮೇಲೆ ನಡೆಯಿತು. ಎರಡೂ ತಂತ್ರಾಂಶಗಳ ಸಂಕೇತಗಳು ಸಾರ್ವಜನಿಕವಾಗಿದ್ದಿದ್ದರೆ ಅವನ್ನು ಎದುರುಬದುರು ಇಟ್ಟು ನೋಡಲು ಯಾವ ಆಸಕ್ತ ಓದುಗನಿಗೂ ಅವಕಾಶವಿರುತ್ತಿತ್ತು. ಪಾಠಾಂತರಗಳನ್ನು ಹೋಲಿಸದೆ ಗ್ರಂಥಸಂಪಾದನೆ ಸಾಧ್ಯವಿಲ್ಲದಂತೆ, ಸಂಕೇತವನ್ನು ಹೋಲಿಸದೆ ಕೃತಿಚೌರ್ಯದ ನಿರ್ಣಯವೂ ಸಾಧ್ಯವಿಲ್ಲ.

ಇದರ ಪರಿಣಾಮ ಕನ್ನಡ ಅಧ್ಯಯನವನ್ನೂ ತಟ್ಟಿದೆ. ಆ ಕಾಲದ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರದ ಭಾಗಗಳನ್ನು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಇರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುವುದು ಅರ್ಥಹೀನ ಚಿಹ್ನೆಗಳ ಸಾಲು ಮಾತ್ರ. ಹೀಗೆ ಬೆರಳಚ್ಚಾದ ಮಹಾಪ್ರಬಂಧಗಳನ್ನೂ ಕಚೇರಿ ಕಡತಗಳನ್ನೂ ಯುನಿಕೋಡಿಗೆ ಪರಿವರ್ತಿಸದೆ ಹುಡುಕಲಾಗದು, ಪದಕೋಶದ ಆಕರವಾಗಿಯೂ ಬಳಸಲಾಗದು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಸ್ಥಾನಗಳ ಪಟ್ಟಿ ಮೀಸಲಾಗಿದ್ದರೂ ಬಳಕೆ ತಡವಾಯಿತು. ಈ ಕಂದಕವನ್ನು ದಾಟಲು ಸ್ವಯಂಸೇವಕರು ರೂಪಿಸಿದ ಮುಕ್ತ ಪರಿವರ್ತಕಗಳು ನೆರವಾದವು.

ಖಾಸಗಿ ಸಂಸ್ಥೆಗಳ ಉದ್ದೇಶದ ಪ್ರಶ್ನೆಗೆ 'ಲೋಹಿತ್' ಅಕ್ಷರಶೈಲಿ ಉತ್ತಮ ನಿದರ್ಶನ. ಅಮೆರಿಕದ ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಭಾರತೀಯ ಭಾಷೆಗಳಿಗಾಗಿ ಜಿಪಿಎಲ್ ಅಡಿಯಲ್ಲಿ ಇದನ್ನು ಆರಂಭಿಸಿತು. ಮುಂದೆ ಕನ್ನಡವೂ ಸೇರಿತು. ಭಾರತೀಯ ಭಾಷೆಗಳು ಮೂಡದ ಲಿನಕ್ಸ್‌ಗೆ ಇಲ್ಲಿ ಮಾರುಕಟ್ಟೆಯಿಲ್ಲವಾದ್ದರಿಂದ ಇದರಲ್ಲಿ ವ್ಯಾಪಾರದ ಹಿತವೂ ಇತ್ತೆಂದು ಭಾವಿಸಬಹುದು. ಜಿಪಿಎಲ್ ಅಕ್ಷರಶೈಲಿಯನ್ನು ಒಳಗೊಂಡ ಕಡತಕ್ಕೂ ಅದೇ ಷರತ್ತು ಅನ್ವಯಿಸುವುದೇ ಎಂಬ ತೊಡಕು ಅಕ್ಷರಶೈಲಿಗಳ ವಿಷಯದಲ್ಲಿ ಏಳುತ್ತದೆ. 2011ರಲ್ಲಿ ಲೋಹಿತ್, ಅಕ್ಷರಶೈಲಿಗಳಿಗೆಂದೇ ರೂಪಿತವಾದ ಓಎಫ್‌ಎಲ್ ಪರವಾನಗಿಗೆ ಬದಲಾಯಿತು. ಇದರಲ್ಲಿ ಕಡತವು ಲೇಖಕನದಾಗಿಯೇ ಉಳಿಯುತ್ತದೆ. ತಿದ್ದಿದ ಅಕ್ಷರಶೈಲಿ ಮಾತ್ರ ಮುಕ್ತವಾಗಿರಬೇಕು.

2019ರಲ್ಲಿ ಐಬಿಎಂ ಸಂಸ್ಥೆ ಸುಮಾರು 3,400 ಕೋಟಿ ಡಾಲರಿಗೆ ರೆಡ್ ಹ್ಯಾಟನ್ನು ಕೊಂಡಿತು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ವಾಣಿಜ್ಯ ಲಿನಕ್ಸ್ ಆವೃತ್ತಿಯ ಆಕರ ಸಂಕೇತವನ್ನು ಮೊದಲಿನಂತೆ ಎಲ್ಲರಿಗೂ ಪ್ರಕಟಿಸುವುದನ್ನು ನಿಲ್ಲಿಸಿ ಗ್ರಾಹಕರಿಗೆ ಸೀಮಿತಗೊಳಿಸಿತು. ಇದು ಜಿಪಿಎಲ್‌ನ ಅಕ್ಷರಕ್ಕೆ ಒಪ್ಪುತ್ತದೆಯಾದರೂ ಆಶಯಕ್ಕೆ ಒಪ್ಪುವುದಿಲ್ಲವೆಂಬ ಟೀಕೆ ವ್ಯಾಪಕವಾಗಿ ಬಂದಿತು. ಒಡೆತನ ಬದಲಾಯಿತು, ನೀತಿಯೂ ಬದಲಾಯಿತು. ಆದರೆ ಈಗಾಗಲೇ ಕೊಟ್ಟ ಲೋಹಿತ್ ಕನ್ನಡವನ್ನು ಹಿಂದಕ್ಕೆ ಪಡೆಯಲು ಯಾರಿಗೂ ಸಾಧ್ಯವಿಲ್ಲ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಭಾಷಾಭಿಮಾನದಿಂದ ಹುಟ್ಟಿದರೂ ಷರತ್ತು ಮುಕ್ತವಾಗಿರದ ತಂತ್ರಾಂಶ ಕರ್ತೃವಿನ ಅನುಕೂಲವನ್ನು ಅವಲಂಬಿಸುತ್ತದೆ. ಲಾಭಕ್ಕಾಗಿ ಹುಟ್ಟಿದರೂ ಷರತ್ತು ಗಟ್ಟಿಯಾಗಿರುವ ತಂತ್ರಾಂಶ ಸಮುದಾಯದ ಸ್ವತ್ತಾಗಿ ಉಳಿಯುತ್ತದೆ. ಆದ್ದರಿಂದ ಸಾರ್ವಜನಿಕ ಹಣದಿಂದ ಕನ್ನಡಕ್ಕಾಗಿ ಸಿದ್ಧವಾಗುವ ಪ್ರತಿಯೊಂದು ತಂತ್ರಾಂಶವೂ ಅಕ್ಷರಶೈಲಿಯೂ ಆಕರ ಸಂಕೇತ ಮತ್ತು ಮುಕ್ತ ಪರವಾನಗಿಯೊಡನೆ ಪ್ರಕಟವಾಗಬೇಕು. ದತ್ತಿಯ ಘೋಷಣೆಯೊಡನೆ ಅದರ ಎಲ್ಲೆಯನ್ನೂ ಶಾಪಾಶಯವನ್ನೂ ಕಲ್ಲಿನ ಮೇಲೆ ಬರೆಸಿದ ಈ ನಾಡಿಗೆ ಆ ಕ್ರಮ ಹೊಸದೇನಲ್ಲ.